ವಿಂಡೋ ಅಂದರೆ ಗಾಳಿಯ ಕಣ್ಣು

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಅಕ್ಕ ಒಬ್ಬರು ಪಿಂಚಣಿ ಕೇಳಲು ಕಚೇರಿಗೆ ಹೋಗಿದ್ದರು. "3ನೇ ವಿಂಡೋ ಹತ್ರ ಹೋಗಮ್ಮ" ಅಂದರಂತೆ. ವಿಂಡೋ ಅಂದ್ರೆ ಏನು ಅಂತ ಕೇಳೋಕೆ ನಾಚಿಕೆ. ಬೇರೆ ಸಾಲಿನಲ್ಲಿ ನಿಂತರು. ಅವರ ಸರದಿ ಬರುವ ಹೊತ್ತಿಗೆ ಕಚೇರಿ ಮುಚ್ಚಿತು. ಒಂದು ದಿನದ ಕೂಲಿ ಹೋಯಿತು. "ಕಿಟಕಿ ಅಂದಿದ್ರೆ ತಿಳೀತಿತ್ತಲ್ಲ ಮೇಷ್ಟ್ರೇ" ಅಂದರು ಸಂಜೆ.

ಬನ್ನಿ, ಆ ಪದವನ್ನೇ ಬಿಡಿಸಿ ನೋಡೋಣ.

ವಿಂಡೋ ಇಂಗ್ಲಿಷ್ ಪದ. ಆದರೆ ಇಂಗ್ಲಿಷಿನಲ್ಲಿ ಹುಟ್ಟಿದ್ದಲ್ಲ. ಸುಮಾರು 1200 ವರ್ಷಗಳ ಹಿಂದೆ ಡೆನ್ಮಾರ್ಕ್, ನಾರ್ವೆ ಕಡೆಯ ಜನ ಹಡಗು ಹತ್ತಿ ಇಂಗ್ಲೆಂಡಿಗೆ ಬಂದರು. ಮೊದಲು ಸುಲಿಗೆಗೆ ಬಂದರು. ಆಮೇಲೆ ಹೊಲ ಉತ್ತುಕೊಂಡು ಅಲ್ಲೇ ನಿಂತರು. ಅವರ ಮಾತಿನಲ್ಲಿ 'ವಿಂಡ್' ಅಂದರೆ ಗಾಳಿ, 'ಔಗ' ಅಂದರೆ ಕಣ್ಣು. ಎರಡೂ ಕೂಡಿ 'ವಿಂಡೌಗ', ಅಂದರೆ ಗಾಳಿಯ ಕಣ್ಣು. ಅದೇ ಬಾಯಲ್ಲಿ ಸವೆದು ವಿಂಡೋ ಆಯಿತು. ಆಗ ಬಡವರ ಮನೆಯಲ್ಲಿ ಗಾಜು ಎಲ್ಲಿಂದ ಬರಬೇಕು? ಗೋಡೆಯಲ್ಲೋ ಚಾವಣಿಯಲ್ಲೋ ಒಂದು ಕಿಂಡಿ, ಅಷ್ಟೇ. ಗಾಳಿ ಒಳಗೆ ಬರಬೇಕು, ಒಲೆಯ ಹೊಗೆ ಹೊರಗೆ ಹೋಗಬೇಕು. ಇಂಗ್ಲೆಂಡಿನವರು ಅದಕ್ಕೆ ಮೊದಲು 'ಕಣ್ಣಿನ ತೂತು' ಎಂಬ ಅರ್ಥದ ತಮ್ಮದೇ ಪದ ಬಳಸುತ್ತಿದ್ದರು. ಅದು ಬಿದ್ದುಹೋಯಿತು, ಬಂದವರ ಪದ ಉಳಿಯಿತು.

ಈಗ ನಮ್ಮ ರಾಯದುರ್ಗದ ಕಡೆಯ ಮಣ್ಣಿನ ಮಾಳಿಗೆ ಮನೆ ನೆನಪು ಮಾಡಿಕೊಳ್ಳಿ. ಒಲೆಯ ನೇರಕ್ಕೆ ಮೇಲೆ ಗವಾಕ್ಷಿ. ಮಳೆ ಬಂದರೆ ಮಾಳಿಗೆ ಹತ್ತಿ ಅದನ್ನು ಮುಚ್ಚಬೇಕು. ಇದು ಸಂಸ್ಕೃತದ ಗವಾಕ್ಷ. 'ಗೋ' ಅಂದರೆ ದನ, 'ಅಕ್ಷ' ಅಂದರೆ ಕಣ್ಣು. ದನದ ಕಣ್ಣು! ಎಲ್ಲಿಯ ಹಡಗಿನವರು, ಎಲ್ಲಿಯ ದನ ಕಾಯುವವರು! ಇಬ್ಬರಿಗೂ ಮನೆಯ ಕಿಂಡಿ ಕಣ್ಣಿನ ಹಾಗೇ ಕಂಡಿದೆ. 'ಔಗ', 'ಅಕ್ಷ' ಎರಡೂ ಒಂದೇ ಬೇರಿನ ದಾಯಾದಿಗಳು ಎನ್ನುತ್ತಾರೆ ಭಾಷೆ ಬಲ್ಲವರು.

ಕಿಟಕಿ ನಮ್ಮದೇ ಅಂದುಕೊಂಡಿದ್ದೀರಾ? ಅದು ಹಿಂದಿ, ಮರಾಠಿಯ 'ಖಿಡ್ಕಿ'ಯ ನೆಂಟ. ತಮಿಳರ 'ಜನ್ನಲ್' ಪೋರ್ಚುಗೀಸರಿಂದ ಬಂದದ್ದು. ಅವರು 1498ರಲ್ಲಿ ಕಲ್ಲಿಕೋಟೆಗೆ ಬಂದವರು. ಅಚ್ಚ ಕನ್ನಡದ್ದು ಬೇಕೆಂದರೆ ಬೆಳಕಿಂಡಿ ಇದೆ. ನನಗಂತೂ ಅದೇ ಚೆಂದ.

ಆ ಅಕ್ಕ ಮರುವಾರ ಮತ್ತೆ ಹೋದರು. "ಗಾಳಿಕಣ್ಣು ನಂಬರ್ 3 ಎಲ್ಲೈತೆ?" ಅಂತ ಕೇಳಿದರಂತೆ. ಅಲ್ಲಿದ್ದವರು ನಕ್ಕು ಕೈ ತೋರಿಸಿದರು. ಸಾಲು ಸರಿಯಾಗೇ ಸಿಕ್ಕಿತು.

ಅಭ್ಯಾಸ: ಬೆಳಕಿಂಡಿ, ಹೆಬ್ಬಾಗಿಲು, ಕಣ್ಣೀರು – ಈ ಪದಗಳನ್ನು ಬಿಡಿಸಿ ಬರೆಯಿರಿ. ನಿಮ್ಮ ಮನೆಯಲ್ಲಿ ಕಿಟಕಿಗೆ ಏನೆನ್ನುತ್ತಾರೆ? ಹಿರಿಯರನ್ನು ಕೇಳಿ ಬರೆಯಿರಿ.