ಊರಿನ ರಸ್ತೆ, ಕೆರೆ ಮತ್ತು ಸರ್ಕಾರದ ಅನುದಾನ



ಕೊಳೆಗೆ ಔಷಧಿ ಹೊಡೆಯುವ ಕಾಲ, ಕಾಫಿಗೆ ಬಿಡಬೇಕಾದ ನೆರಳು, ಗೊಬ್ಬರದ ಪ್ರಮಾಣ ಇವುಗಳನ್ನು ಈ ಪತ್ರಿಕೆಯಲ್ಲಿ ಆಗಾಗ ಚರ್ಚಿಸುತ್ತ ಬಂದಿದ್ದೇವೆ. ಈ ಸಲ ತೋಟದ ಬೇಲಿಯ ಆಚೆಗಿನ ವಿಷಯವೊಂದನ್ನು ಪಾಠದ ರೂಪದಲ್ಲಿ ಮುಂದಿಡುತ್ತೇವೆ. ರಸ್ತೆಗೂ ಕೆರೆಗೂ ಗ್ರಾಮ ಪಂಚಾಯಿತಿ ಸರ್ಕಾರದಿಂದ ಹಣ ಪಡೆಯುವುದು ಹೇಗೆ, ಅದರಲ್ಲಿ ಬೆಳೆಗಾರರಾದ ನಮ್ಮ ಪಾತ್ರವೇನು ಎಂಬುದೇ ಆ ವಿಷಯ.

ಇದು ತೋಟಕ್ಕೆ ಸಂಬಂಧಿಸಿದ್ದಲ್ಲ ಎಂದು ಯಾರೂ ಭಾವಿಸಬಾರದು. ಮುಂಗಾರು ಹಿಡಿದ ಮೇಲೆ ಲಾರಿ ಬಾರದ ಊರಿಗೆ ಮೈಲುತುತ್ತ, ಸುಣ್ಣ ತಲುಪುವುದು ತಡವಾಗುತ್ತದೆ. ಕೊಳೆರೋಗ ಅಲ್ಲಿಯವರೆಗೆ ಕಾಯುವುದಿಲ್ಲ. ಕೊಯ್ಲಿನ ಹೊತ್ತಿಗೆ ಮಾಲು ಸಾಗಿಸುವ ಅನುಕೂಲವಿಲ್ಲದ ಸಣ್ಣ ಹಿಡುವಳಿದಾರ ಫಸಲನ್ನು ಮರದ ಮೇಲೆಯೇ ಚೇಣಿಗೆ ಕೊಟ್ಟು ಕೈತೊಳೆದುಕೊಳ್ಳುತ್ತಾನೆ. ಬೇಯಿಸಿ, ಒಣಗಿಸಿ, ರಾಶಿ ಮಾಡಿ ಮಂಡಿಗೆ ಹಾಕಿದ್ದರೆ ಸಿಗುತ್ತಿದ್ದ ಹಣದಲ್ಲಿ ಒಂದು ಪಾಲು ಹೀಗೆ ರಸ್ತೆಯ ಕೆಸರಿನಲ್ಲೇ ಉಳಿಯುತ್ತದೆ.

1. ಬಳ್ಳಿಗಾವಿಯ ಶಾಸನಗಳು ಹೇಳುವುದೇನು?

ಸಾರ್ವಜನಿಕ ಕೆಲಸಕ್ಕೆ ಸರ್ಕಾರದ ಹಣ ಪಡೆಯುವುದು ನಮ್ಮ ಸೀಮೆಗೆ ಹೊಸದಲ್ಲ. ಕದಂಬರ ಕಾಕುತ್ಸ್ಥವರ್ಮ ದೇವಾಲಯದ ಬಳಿ ಕೆರೆ ಕಟ್ಟಿಸಿದ ಸಂಗತಿಯನ್ನು ಪಕ್ಕದ ತಾಳಗುಂದದ ಕಂಬದ ಶಾಸನ ತಿಳಿಸುತ್ತದೆ. ಅದು 5ನೆಯ ಶತಮಾನದ ಮಾತು. ಬಳ್ಳಿಗಾವಿಯ ಕೋಡಿಯ ಮಠದಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತೆಂದೂ, ದೀನರಿಗೆ, ಅಂಗವಿಕಲರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದವೆಂದೂ 1162ರ ಶಾಸನದಿಂದ ತಿಳಿಯುತ್ತದೆ. ಇಂಥ ಕೆಲಸಗಳು ದತ್ತಿಯ ಆಧಾರದ ಮೇಲೆ ನಡೆದವು.

ಹಳೆಯ ದಾನಶಾಸನಗಳನ್ನು ಗಮನಿಸಿದರೆ ಅವುಗಳಿಗೊಂದು ಕ್ರಮವಿದೆ. ಕೊಟ್ಟವರು ಯಾರು, ಪಡೆದವರು ಯಾರು, ಯಾವ ಕೆಲಸಕ್ಕೆ, ಎಷ್ಟು ಭೂಮಿ, ಅದರ ಚೆಕ್ಕುಬಂದಿ ಏನು, ಮುಂದೆ ಕಾಪಾಡಬೇಕಾದವರು ಯಾರು ಎಂಬುದೆಲ್ಲ ಅಲ್ಲಿ ಬರುತ್ತದೆ. ಇಂದಿನ ಅರ್ಜಿಯಲ್ಲೂ ಬೇಕಾದದ್ದು ಇಷ್ಟೇ. “ನಮ್ಮೂರಿಗೆ ರಸ್ತೆ ಮಾಡಿಸಿಕೊಡಿ” ಎಂಬ ಒಂದು ಸಾಲಿನ ಮನವಿ ಕಡತದಲ್ಲಿ ಮಲಗುವುದಕ್ಕೆ ಕಾರಣ, ಅದರಲ್ಲಿ ಈ ಯಾವ ಪ್ರಶ್ನೆಗೂ ಉತ್ತರವಿಲ್ಲದಿರುವುದು.

2. ಯಾರ ರಸ್ತೆ? ಯಾರ ಕೆರೆ?

ಅರ್ಜಿ ಬರೆಯುವ ಮೊದಲು ಆಸ್ತಿ ಯಾರದೆಂದು ತಿಳಿದಿರಬೇಕು. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಯವು. ಊರಿನಿಂದ ಊರಿಗೆ ಹೋಗುವ ಗ್ರಾಮೀಣ ರಸ್ತೆಗಳು ಪಂಚಾಯತ್ ರಾಜ್ ವ್ಯವಸ್ಥೆಗೆ ಸೇರಿವೆ. ಕೆರೆಗಳಲ್ಲೂ ಹೀಗೆಯೇ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆ ಇರುವ ಕೆರೆಗಳು ಪಂಚಾಯಿತಿ ವ್ಯವಸ್ಥೆಯವು. 40ರಿಂದ 2,000 ಹೆಕ್ಟೇರಿನವು ಸಣ್ಣ ನೀರಾವರಿ ಇಲಾಖೆಯವು. ತಪ್ಪು ಕಚೇರಿಗೆ ಕೊಟ್ಟ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುವಷ್ಟರಲ್ಲಿ ಒಂದು ಮಳೆಗಾಲ ಕಳೆದಿರುತ್ತದೆ.

3. ಹಣ ಎಲ್ಲಿಂದ ಬರುತ್ತದೆ?

ದೊಡ್ಡ ಕೆಲಸಗಳನ್ನು ಮೊದಲು ನೋಡೋಣ. 2023ರ ಫೆಬ್ರವರಿ 27ರಂದು ಶಿವಮೊಗ್ಗದ ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು. ಅದೇ ದಿನ ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ರೈಲು ಮಾರ್ಗಕ್ಕೂ, ಬೈಂದೂರು–ರಾಣೆಬೆನ್ನೂರು ಹೆದ್ದಾರಿಯ ಶಿಕಾರಿಪುರ ಬೈಪಾಸಿಗೂ ಶಂಕುಸ್ಥಾಪನೆ ನಡೆಯಿತು. ರೈಲು ಮಾರ್ಗಕ್ಕೆ ಅಂದು ಪ್ರಕಟಿಸಿದ ವೆಚ್ಚ 990 ಕೋಟಿ ರೂಪಾಯಿ. ಕಾಮಗಾರಿಯ ವೆಚ್ಚದಲ್ಲಿ ಅರ್ಧ ರಾಜ್ಯದ್ದು, ಭೂಮಿಯನ್ನೂ ರಾಜ್ಯವೇ ಉಚಿತವಾಗಿ ಒದಗಿಸಬೇಕೆಂಬುದು ಒಪ್ಪಂದ. ರಾಜ್ಯ ಸರ್ಕಾರವೇ ತನ್ನ ಪಾಲು ಹಾಕದೆ ಕೇಂದ್ರದಿಂದ ರೈಲು ಪಡೆಯಲಾಗದು ಎಂದ ಮೇಲೆ, ಏನನ್ನೂ ಹಾಕದೆ ಎಲ್ಲವನ್ನೂ ಕೇಳುವ ಊರಿನ ಅರ್ಜಿಗೆ ಬಲ ಎಲ್ಲಿಂದ ಬರಬೇಕು?

ಇಂಥ ಯೋಜನೆಗಳು ಊರಿನ ಕೊನೆಯ ಎರಡು ಮೈಲಿಯನ್ನು ಮುಟ್ಟುವುದಿಲ್ಲ. ಆ ಎರಡು ಮೈಲಿಗೆ ಹಣ ಬರುವ ದಾರಿಗಳು ಬೇರೆ.

(ಅ) ಹಣಕಾಸು ಆಯೋಗದ ಅನುದಾನ. 15ನೆಯ ಹಣಕಾಸು ಆಯೋಗವು 2021-22ರಿಂದ 2025-26ರ ಅವಧಿಗೆ ಕೊಟ್ಟ ಗ್ರಾಮೀಣ ಅನುದಾನದಲ್ಲಿ ಶೇ. 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಿಟ್ಟಿತ್ತು. ಶೇ. 40 ಮಾತ್ರ ಸ್ಥಳೀಯ ಅಗತ್ಯಕ್ಕೆ ಬಿಟ್ಟ ಹಣ. ಚುನಾಯಿತ ಮಂಡಳಿ ಇರಬೇಕು, ಲೆಕ್ಕಪತ್ರ ಸಾರ್ವಜನಿಕರ ಮುಂದೆ ಇರಬೇಕು ಎಂಬ ಷರತ್ತುಗಳೂ ಇದ್ದವು. ಲೆಕ್ಕ ಸರಿಯಿಲ್ಲದ ಪಂಚಾಯಿತಿಗೆ ಕೇಳುವ ಹಕ್ಕೇ ಕುಂದುತ್ತದೆ ಎಂಬುದು ಇದರಿಂದ ಕಲಿಯಬೇಕಾದ ಪಾಠ.

(ಆ) ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ. 2000ದ ಡಿಸೆಂಬರಿನಲ್ಲಿ ಆರಂಭವಾದ ಈ ಯೋಜನೆಯ 4ನೆಯ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. 2028-29ರ ಹೊತ್ತಿಗೆ 25,000 ಜನವಸತಿಗಳಿಗೆ 62,500 ಕಿ.ಮೀ. ರಸ್ತೆ ಎಂಬುದು ಗುರಿ. ವೆಚ್ಚ 70,125 ಕೋಟಿ ರೂಪಾಯಿ. ಆದರೆ ಬಯಲು ಪ್ರದೇಶವೆಂದು ಗಣಿಸಿದ ಕಡೆ ಜನವಸತಿಯಲ್ಲಿ 500 ಜನರಿರಬೇಕು. ಮಲೆನಾಡು ಹಿಂದೆ ಬೀಳುವುದು ಇಲ್ಲಿಯೇ. ಬಯಲುಸೀಮೆಯಲ್ಲಿ ಊರೆಲ್ಲ ಒಂದೇ ಕಡೆ ಇರುತ್ತದೆ. ನಮ್ಮಲ್ಲಿ ತೋಟಕ್ಕೊಂದು ಮನೆ. ಯೋಜನೆಯ ಮೂಲ ಮಾರ್ಗಸೂಚಿಯಲ್ಲಿ 500 ಮೀಟರ್ ತ್ರಿಜ್ಯದೊಳಗಿನ ವಸತಿಗಳನ್ನು ಒಂದೇ ಎಂದು ಎಣಿಸಲು ಅವಕಾಶವಿತ್ತು. ಆದ್ದರಿಂದ ಬಿಡಿಬಿಡಿಯಾದ ಮನೆಗಳನ್ನು ಕೂಡಿಸಿ ಎಣಿಸುವುದನ್ನು ಕಲಿಯಬೇಕು. 2019ರಲ್ಲಿ ಒಪ್ಪಿದ 3ನೆಯ ಹಂತದಲ್ಲಂತೂ ಮಾರುಕಟ್ಟೆ, ಪ್ರೌಢಶಿಕ್ಷಣ, ಆಸ್ಪತ್ರೆಗಳಿಗೆ ಕೂಡಿಸುವ ರಸ್ತೆಗೆ ಅಂಕಗಳ ಮೇಲೆ ಆದ್ಯತೆ ಸಿಗುತ್ತಿತ್ತು.

(ಇ) ಶಿವಮೊಗ್ಗದಲ್ಲಿ ಕೇಂದ್ರ ಕಚೇರಿ ಇರುವ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿ. ಶಾಸಕರ ಮತ್ತು ಸಂಸತ್ ಸದಸ್ಯರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಗಳು. ಕಾಲುಸಂಕ, ಮೋರಿ, ಚಿಕ್ಕ ಸೇತುವೆಗಳಂಥ ಕೆಲಸಕ್ಕೆ ಈ ಬಾಗಿಲುಗಳನ್ನು ತಟ್ಟಬಹುದು.

ಕೆರೆಯ ವಿಷಯದಲ್ಲಿ ಒಂದು ಮಾತು. ಶಿಕಾರಿಪುರ ತಾಲ್ಲೂಕಿನ ಉಡುಗಣಿ–ತಾಳಗುಂದ–ಹೊಸೂರು ಏತ ನೀರಾವರಿ ಯೋಜನೆ ಕೆರೆ ತುಂಬಿಸುವ ಉದ್ದೇಶದ್ದು. ಆದರೆ ಏರಿ ಸೋರುತ್ತಿದ್ದರೆ, ತೂಬು ಕೆಟ್ಟಿದ್ದರೆ, ಕಾಲುವೆ ಒತ್ತುವರಿಯಾಗಿದ್ದರೆ ತಂದ ನೀರು ನಿಲ್ಲುವುದೆಲ್ಲಿ? ದೊಡ್ಡ ಯೋಜನೆ ಬಂದಿತೆಂದು ಚಿಕ್ಕ ದುರಸ್ತಿಯನ್ನು ಕೇಳುವುದನ್ನು ಬಿಡಬಾರದು.

4. ನೆಲದ ಪ್ರಶ್ನೆ

ಹಣ ಮಂಜೂರಾದ ಮೇಲೂ ಕೆಲಸ ನಿಲ್ಲುವುದು ಹೆಚ್ಚಾಗಿ ನೆಲದ ವಿಷಯದಲ್ಲಿ.

ಅರಣ್ಯ: 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೆಯ ಕಲಮಿನಲ್ಲಿ ರಸ್ತೆ, ಚಿಕ್ಕ ಕೆರೆ, ಶಾಲೆ ಮುಂತಾದ 13 ಬಗೆಯ ಸೌಕರ್ಯಗಳಿಗೆ ಅರಣ್ಯಭೂಮಿ ಕೊಡಲು ಅವಕಾಶವಿದೆ. ಪ್ರತಿ ಕೆಲಸಕ್ಕೂ ಭೂಮಿ ಒಂದು ಹೆಕ್ಟೇರಿಗಿಂತ ಕಡಿಮೆ ಇರಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿರಬಾರದು, ಗ್ರಾಮಸಭೆಯ ಶಿಫಾರಸು ಇರಬೇಕು. ನಾಲ್ಕು ಮೀಟರ್ ಅಗಲದ ರಸ್ತೆ ಎರಡೂವರೆ ಕಿ.ಮೀ. ಉದ್ದವಾದರೆ ಒಂದು ಹೆಕ್ಟೇರ್ ಆಗುತ್ತದೆ. ಅದಕ್ಕಿಂತ ಚಿಕ್ಕ ರಸ್ತೆಗಳಿಗೆ ಈ ದಾರಿ ಇದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ.

ಸ್ಮಾರಕ: ಬಳ್ಳಿಗಾವಿಯ ಕೇದಾರೇಶ್ವರ, ತ್ರಿಪುರಾಂತಕೇಶ್ವರ ದೇವಾಲಯಗಳು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. 2010ರ ತಿದ್ದುಪಡಿಯಂತೆ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಚರಂಡಿ ಕೆಲಸ, ಸಾರ್ವಜನಿಕ ನೀರು ಸರಬರಾಜು ಇವುಗಳನ್ನು “ನಿರ್ಮಾಣ” ಎಂಬುದರ ವ್ಯಾಖ್ಯೆಯಿಂದ ಹೊರಗಿಟ್ಟಿದ್ದಾರೆ. ಇದ್ದ ಕಟ್ಟಡದ ದುರಸ್ತಿಗೂ ಅನುಮತಿ ಬೇಕು. ನಕ್ಷೆ ತಯಾರಿಸುವ ಮೊದಲೇ ಅಳತೆ ಹಿಡಿದು ನೋಡುವುದು ಕ್ಷೇಮ.

ಖಾಸಗಿ ತೋಟ: ಎಲ್ಲಕ್ಕಿಂತ ಕಠಿಣವಾದದ್ದು ಇದು. ಖಾಸಗಿ ನೆಲದ ಮೇಲೆ ಸಾರ್ವಜನಿಕ ಹಣ ಸುರಿಯುವಂತಿಲ್ಲ. ಜಾಗವನ್ನು ಪಂಚಾಯಿತಿಗೆ ಬರಹದಲ್ಲಿ ಬಿಟ್ಟುಕೊಡಬೇಕು. ನಾಲ್ಕು ಮೀಟರ್ ಅಗಲ, ನೂರು ಮೀಟರ್ ಉದ್ದದ ಜಾಗವೆಂದರೆ ಸುಮಾರು ನಾಲ್ಕು ಗುಂಟೆ. 2.7 ಮೀಟರ್ ಅಂತರದಲ್ಲಿ ನೆಟ್ಟ ತೋಟದಲ್ಲಿ ಅಲ್ಲಿ 50ಕ್ಕೂ ಹೆಚ್ಚು ಅಡಿಕೆ ಮರ ನಿಂತಿರುತ್ತವೆ. ಒಂದು ಎಕರೆಯ ಒಡೆಯನಿಗೆ ಇದು ಹತ್ತರಲ್ಲೊಂದು ಪಾಲು. ಅವನನ್ನು “ಊರಿಗೆ ಅಡ್ಡಗಾಲು” ಎಂದು ಹಳಿಯುವುದು ಸುಲಭ, ಆದರೆ ನ್ಯಾಯವಲ್ಲ. ರಸ್ತೆಯಿಂದ ಲಾಭ ಪಡೆಯುವ ಎಲ್ಲರೂ ಕೂಡಿ ಅವನ ನಷ್ಟದಲ್ಲಿ ಪಾಲು ಹೊರಬೇಕು. ಇಲ್ಲವೇ ರಸ್ತೆಯನ್ನು ಎರಡು ಹಿಡುವಳಿಗಳ ಗಡಿಯ ಮೇಲೆ ಹಾಯಿಸಿ, ನಷ್ಟ ಇಬ್ಬರಿಗೂ ಹಂಚಿಹೋಗುವಂತೆ ಮಾಡಬೇಕು. ಇದನ್ನು ಗ್ರಾಮಸಭೆಗೆ ಮೊದಲೇ ಊರಿನ ಹಿರಿಯರು ಕುಳಿತು ಬಗೆಹರಿಸತಕ್ಕದ್ದು.

5. ಲೆಕ್ಕ ಹಾಕುವ ಬಗೆ

ಕಷ್ಟವನ್ನು ಅಂಕಿಗಳಲ್ಲಿ ಹೇಳಬೇಕು. ಉದಾಹರಣೆಗೆ, ಒಂದು ರಸ್ತೆಯನ್ನು ನಂಬಿದ 40 ಮನೆಗಳಿವೆ ಎಂದು ಇಟ್ಟುಕೊಳ್ಳೋಣ. ಮನೆಗೆ 6 ಕ್ವಿಂಟಾಲ್ ಒಣ ಅಡಿಕೆ ಎಂದರೆ 240 ಕ್ವಿಂಟಾಲ್. ಲಾರಿ ಬಾರದ ಕಾರಣ ಕ್ವಿಂಟಾಲಿಗೆ 80 ರೂಪಾಯಿ ಹೆಚ್ಚು ಬಾಡಿಗೆ ಬಿದ್ದರೆ ವರ್ಷಕ್ಕೆ 19,200 ರೂಪಾಯಿ. ಮನೆಗೆ ಎರಡು ಲೋಡು ಗೊಬ್ಬರಕ್ಕೆ ಲೋಡಿಗೆ 500 ರೂಪಾಯಿ ಹೆಚ್ಚಾದರೆ 40,000 ರೂಪಾಯಿ. ಒಟ್ಟು 59,200. ಇವು ಲೆಕ್ಕದ ಮಾದರಿಗಾಗಿ ಹಿಡಿದ ಅಂಕಿಗಳು. ನಿಮ್ಮ ಊರಿನ ನಿಜವಾದ ಅಂಕಿಗಳನ್ನು ಹಾಕಿಕೊಳ್ಳಿ. ಇದರ ಜೊತೆಗೆ ಶಾಲೆಗೆ ನಡೆಯುವ ಮಕ್ಕಳೆಷ್ಟು, ವಾಹನ ಬಾರದೆ ರೋಗಿಗಳನ್ನು ಹೊತ್ತು ತಂದ ಸಂದರ್ಭಗಳೆಷ್ಟು, ತೋಟವಿಲ್ಲದ ಕೂಲಿಕಾರರ ಮನೆಗಳೆಷ್ಟು ಎಂಬುದನ್ನೂ ಬರೆಯಬೇಕು. ತೋಟಗಾರರ ಅನುಕೂಲಕ್ಕೆ ಮಾತ್ರ ಕೇಳಿದ ರಸ್ತೆಗಿಂತ ಎಲ್ಲರಿಗೂ ಬೇಕಾದ ರಸ್ತೆಗೆ ಹಕ್ಕು ಹೆಚ್ಚು. ಅದು ಸಹಕಾರ ತತ್ತ್ವಕ್ಕೂ ಒಪ್ಪುವ ಮಾತು.

6. ಗ್ರಾಮಸಭೆ ಮತ್ತು ಆಮೇಲಿನ ಕೆಲಸ

ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಗ್ರಾಮಸಭೆ ಆರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. ಮೊದಲು ವಾರ್ಡ್ ಸಭೆಯಲ್ಲಿ ಬೇಡಿಕೆ ದಾಖಲಾಗಿ, ಗ್ರಾಮಸಭೆಯಲ್ಲಿ ಆದ್ಯತೆ ಪಡೆದು, ಪಂಚಾಯಿತಿಯ ವಾರ್ಷಿಕ ಯೋಜನೆಯಲ್ಲಿ ಸೇರಬೇಕು. ಆ ಪಟ್ಟಿಯಲ್ಲಿಲ್ಲದ ಕೆಲಸಕ್ಕೆ ಪಂಚಾಯಿತಿ ಹಣ ಕೇಳುವುದು ಕಷ್ಟ. ಕೊಯ್ಲಿನ ನೆಪ ಹೇಳಿ ಸಭೆಗೆ ಹೋಗದೆ, ಆಮೇಲೆ ಅಂಗಡಿ ಕಟ್ಟೆಯ ಮೇಲೆ ಕುಳಿತು ಪಂಚಾಯಿತಿಯನ್ನು ಟೀಕಿಸುವುದರಿಂದ ಒಂದು ಬುಟ್ಟಿ ಜಲ್ಲಿಯೂ ಬೀಳುವುದಿಲ್ಲ. ಮನೆಯಿಂದ ಒಬ್ಬರಾದರೂ ಹೋಗಬೇಕು. ಹೆಂಗಸರು ಹೋದರೆ ಇನ್ನೂ ಒಳ್ಳೆಯದು. ನಿರ್ಣಯದ ನಕಲನ್ನು ಪಡೆದು ಇಟ್ಟುಕೊಳ್ಳಬೇಕು.

ಕೆಲಸ ಮುಗಿದ ಮೇಲೆ ಹೊಣೆ ಮುಗಿಯದು. ಗ್ರಾಮ ಸಡಕ್ ರಸ್ತೆಗಳಿಗೆ ಐದು ವರ್ಷ ನಿರ್ವಹಣೆಯ ಹೊಣೆ ಗುತ್ತಿಗೆದಾರನದು. ಗುಂಡಿ ಬಿದ್ದರೆ ಆ ಅವಧಿಯೊಳಗೆ ಬರಹದಲ್ಲಿ ದೂರು ಕೊಡಬೇಕು. ಮಳೆಗಾಲಕ್ಕೆ ಮುನ್ನ ಪಕ್ಕದ ಚರಂಡಿ ಬಿಡಿಸುವ ಕೆಲಸವನ್ನು ನಾವೇ ಮಾಡಿಕೊಳ್ಳಬಹುದು. ಮಲೆನಾಡಿನ ರಸ್ತೆಯನ್ನು ಕೆಡಿಸುವುದು ಚಕ್ರಕ್ಕಿಂತ ಹೆಚ್ಚಾಗಿ ನೀರು.

ಊರಿನವರು ಕೂಡಿ ಚರ್ಚಿಸಬೇಕಾದ ಪ್ರಶ್ನೆಗಳು

1) ನಮ್ಮ ರಸ್ತೆ ಮತ್ತು ಕೆರೆ ಯಾವ ಇಲಾಖೆಯ ದಾಖಲೆಯಲ್ಲಿವೆ?
2) ಈ ರಸ್ತೆಯನ್ನು ಬಳಸುವ ಮನೆಗಳೆಷ್ಟು, ಜನರೆಷ್ಟು?
3) ಅರಣ್ಯ ಅಥವಾ ಸ್ಮಾರಕದ ವಲಯ ಅಡ್ಡ ಬರುತ್ತದೆಯೇ?
4) ಜಾಗ ಬಿಡಬೇಕಾದವರು ಯಾರು? ಅವರ ನಷ್ಟಕ್ಕೆ ಊರಿನ ಏರ್ಪಾಡು ಏನು?
5) ಊರಿನ ಪಾಲು ಏನು? ಹಣವೋ, ಜಾಗವೋ, ಶ್ರಮವೋ?

ಈ ಐದಕ್ಕೂ ಉತ್ತರ ಬರೆದುಕೊಂಡು ಮುಂದಿನ ವಾರ್ಡ್ ಸಭೆಗೆ ಹೋಗಬೇಕೆಂದು ಸದಸ್ಯರಲ್ಲಿ ವಿನಂತಿ. ಅರ್ಜಿ ಬರೆಯಲು ನೆರವು ಬೇಕಾದವರು ಸಂಘದ ಕಚೇರಿಗೆ ಬಂದರೆ ಜೊತೆಯಲ್ಲಿ ಕುಳಿತು ಬರೆದುಕೊಡುತ್ತೇವೆ.

— ಕಾರ್ಯದರ್ಶಿ