ದೊಡ್ಡ ಸಂಖ್ಯೆಗೆ ಅಂಜಬೇಡ, ತಮ್ಮಾ

ಟಿಕೋಟಾದಿಂದ ದಿನಾ ಬಸ್ಸು ಹತ್ತಿ ವಿಜಯಪುರಕ್ಕೆ ಕೋಚಿಂಗಿಗೆ ಹೋಗುತ್ತೀ. ಪ್ರಶ್ನೆಯಲ್ಲಿ ಏಳೆಂಟು ಅಂಕಿ ಕಂಡ ಕೂಡಲೇ ಮೊಬೈಲಿಗೆ ಕೈ ಹಾಕುತ್ತೀಯಂತೆ, ನಿಮ್ಮಪ್ಪ ಹೇಳಿದ. ದೊಡ್ಡ ಸಂಖ್ಯೆಯನ್ನು ಗುಣಿಸುವ ಮೊದಲು ಅದರ ಗುಣ ವಿಚಾರಿಸಬೇಕಪ್ಪಾ.

ಭಾಸ್ಕರಾಚಾರ್ಯರದೇ ಒಂದು ಲೆಕ್ಕ ತಗೊ. 1114ರಲ್ಲಿ ಹುಟ್ಟಿದವರು. ಅವರ ಊರು ವಿಜ್ಜಡವಿಡ ನಮ್ಮ ವಿಜಯಪುರವೇ ಎಂದು ನಾವು, ಅಲ್ಲ, ಚಾಳೀಸಗಾಂವ್ ಕಡೆಯದು ಎಂದು ಮಹಾರಾಷ್ಟ್ರದವರು. ಆ ಜಗಳ ನನಗೆ ಬೇಡ. ಅವರ ಲೆಕ್ಕವನ್ನು ಕೈಯಾರೆ ಮಾಡಿ ನೋಡಿದವನಿಗೆ ಅವರು ನಮ್ಮವರೇ.

1150ರಲ್ಲಿ ಬರೆದ ‘ಬೀಜಗಣಿತ’ದಲ್ಲಿ ಅವರು ಕೇಳುತ್ತಾರೆ: ಯಾವ ಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ 1 ಕೂಡಿಸಿದರೆ ಮತ್ತೊಂದು ಪೂರ್ಣವರ್ಗ ಬರುತ್ತದೆ? 61ರ ಬದಲು 60 ಇದ್ದರೆ 4 ಸಾಕು: 60×16+1=961, ಅಂದರೆ 31ರ ವರ್ಗ. 62ಕ್ಕೆ 8 ಸಾಕು. ನಡುವಿನ 61 ಮಾತ್ರ ಮಹಾ ಹಠಮಾರಿ. ಅದಕ್ಕೆ ಸಿಗುವ ಅತಿ ಚಿಕ್ಕ ಉತ್ತರವೇ 22,61,53,980. ಆಗ ಬರುವ ವರ್ಗಮೂಲ 1,76,63,19,049. ನೂರಾ ಎಪ್ಪತ್ತಾರು ಕೋಟಿ! ಫ್ರಾನ್ಸಿನ ಗಣಿತಜ್ಞ ಫರ್ಮಾ ಇದೇ 61ನ್ನು ಅಲ್ಲಿಯವರಿಗೆ ಸವಾಲಾಗಿ ಹಾಕಿದ್ದು 1657ರಲ್ಲಿ.

ಭಾಸ್ಕರಾಚಾರ್ಯರ ಉತ್ತರವನ್ನು ಪರೀಕ್ಷಿಸೋಣ. ದೊಡ್ಡದನ್ನು ವರ್ಗ ಮಾಡಿದರೆ 19 ಅಂಕಿ. ಸಾದಾ ಕ್ಯಾಲ್ಕುಲೇಟರ್ ಬಾಲದ ಅಂಕಿಗಳನ್ನು ಬಿಟ್ಟುಬಿಡುತ್ತದೆ, ನಮಗೆ ಬೇಕಾದ ಆ 1 ಇರುವುದೇ ಬಾಲದಲ್ಲಿ. ಪೆನ್ಸಿಲ್ ಹಿಡಿ. ಮೊದಲನೆಯದರ ಅಂಕಿಗಳ ಮೊತ್ತ 36, ಆದ್ದರಿಂದ 9ರಿಂದ ಭಾಗವಾಗುತ್ತದೆ, ಶೇಷ 0. ಎರಡನೆಯದರ ಮೊತ್ತ 46, ಶೇಷ 1. ವರ್ಗದ ಶೇಷವೂ 1. ವ್ಯತ್ಯಾಸ 1 ಬಂತಲ್ಲ? ಕೊನೆಯ ಎರಡಂಕಿ ನೋಡು: 49ರ ವರ್ಗ 01ಕ್ಕೆ ಮುಗಿಯುತ್ತದೆ, 80ರದು 00ಕ್ಕೆ. ಮತ್ತೆ ಅದೇ 1. ಇಷ್ಟಕ್ಕೇ ಉತ್ತರ ಸಿದ್ಧವಾಯಿತು ಎನ್ನಬೇಡ. ತಪ್ಪಿದ್ದರೆ ಬಹುಮಟ್ಟಿಗೆ ಇಲ್ಲೇ ಸಿಕ್ಕಿಬೀಳುತ್ತಿತ್ತು, ಅಷ್ಟೇ.

ಇನ್ನೊಂದು ಚೆಂದ ಇದೆ. ಈ ಎರಡನ್ನೂ ಭಾಗಿಸುವ ಸಂಖ್ಯೆ ಯಾವುದಾದರೂ ಇದ್ದರೆ ಅದು ಉಳಿದ 1ನ್ನೂ ಭಾಗಿಸಬೇಕು. ಹಾಗಾಗಿ 1ರ ಹೊರತು ಇವಕ್ಕೆ ಸಾಮಾನ್ಯ ಅಪವರ್ತನವೇ ಇಲ್ಲ. ದೊಡ್ಡದು 11ರಿಂದ ನಿಶ್ಶೇಷ ಭಾಗವಾಗುತ್ತದೆ. ಚಿಕ್ಕದನ್ನು ಭಾಗಿಸದೆಯೇ ‘ಆಗದು’ ಎಂದುಬಿಡಬಹುದು.

ಭಾಸ್ಕರಾಚಾರ್ಯರು ಕೋಟಿಯಿಂದ ಶುರು ಮಾಡಲಿಲ್ಲ. 8ರ ವರ್ಗ 64, 61ಕ್ಕಿಂತ 3 ಹೆಚ್ಚು. ಸುತ್ತು ಸುತ್ತಾಗಿ ಉತ್ತರದತ್ತ ಸಾಗುವ ಚಕ್ರವಾಲ ವಿಧಾನದಲ್ಲಿ ಒಂದು ಸುತ್ತು ಹಾಕಿದರೆ 39 ಮತ್ತು 5: 39ರ ವರ್ಗ 1521, 5ರ ವರ್ಗದ 61 ಪಟ್ಟು 1525, ಕೊರತೆ 4. ಆ 4ನ್ನು 1ಕ್ಕೆ ಇಳಿಸುವ ಉಪಾಯವನ್ನು ಬ್ರಹ್ಮಗುಪ್ತ 628ರಲ್ಲೇ ಹೇಳಿಟ್ಟಿದ್ದ.

ನೀನು ಸದ್ಯ 61ರ ಗೊಡವೆಗೆ ಹೋಗಬೇಡ. ಅದರ ಜಾಗದಲ್ಲಿ 13 ಇಟ್ಟು ಇದೇ ಪ್ರಶ್ನೆ ಬಿಡಿಸು. ಎರಡೂ ಉತ್ತರ ಮೂರಂಕಿಯವೇ. ಭಾನುವಾರ ಹಾಳೆ ತಂದು ತೋರಿಸು, ಮೊಬೈಲು ಮನೆಯಲ್ಲಿರಲಿ.