ಕುಚ್ಚಿನ ವಿನ್ಯಾಸ ಬರೆದು ಮಾರುವುದು ಹೇಗೆ?

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಕಡೆ ಮನೆಯಲ್ಲೇ ಕೂತು ಸೀರೆಗೆ ಕುಚ್ಚು ಹಾಕುವ ಹೆಣ್ಣುಮಕ್ಕಳಿಗೆ ಸೀರೆಯೊಂದಕ್ಕೆ ಇಷ್ಟು ಅಂತ ಕೂಲಿ. ಕೈ ಆಡಿದಷ್ಟು ದಿನ ದುಡ್ಡು, ಕೈ ನಿಂತ ದಿನ ಅದೂ ಇಲ್ಲ. ಅದೇ ಕುಚ್ಚಿನ ವಿನ್ಯಾಸವನ್ನು ಬೇರೆಯವರು ನೋಡಿಕೊಂಡು ಹಾಕುವಂತೆ ಬರೆದಿಟ್ಟರೆ, ಒಮ್ಮೆ ಪಟ್ಟ ಶ್ರಮವನ್ನು ಹಲವರಿಗೆ ಮಾರಬಹುದು. ಸ್ವೆಟರ್, ಶಾಲು ಹೆಣೆಯುವವರು ಹೊರದೇಶಗಳಲ್ಲಿ ಇದನ್ನೇ ಮಾಡುತ್ತಿದ್ದಾರೆ. 2007ರಲ್ಲಿ ಅಮೆರಿಕದಲ್ಲಿ ಶುರುವಾದ ರಾವೆಲ್ರಿ ತಾಣದಲ್ಲಿ ಜನ ದುಡ್ಡು ಕೊಟ್ಟು ಕೊಳ್ಳುವುದು ಹೆಣಿಗೆಯ ವಿನ್ಯಾಸದ ಪಿಡಿಎಫ್. ನಮ್ಮ ಕ್ರೋಶಾ ಕುಚ್ಚಿಗೂ ಈ ದಾರಿ ಒಪ್ಪುತ್ತದೆ. ಚೈನ್, ಲಾಕ್, ಕಂಬ ಹಾಕಲು ಬಂದರೆ ಶುರು ಮಾಡಬಹುದು.

ಹಂತ 1: ನಿಮ್ಮದೇ ವಿನ್ಯಾಸ

ಯೂಟ್ಯೂಬಿನಲ್ಲಿ ಕಂಡದ್ದನ್ನು ಬಣ್ಣ ಬದಲಿಸಿ ಮಾರಬೇಡಿ. ಅದು ಇನ್ನೊಬ್ಬರ ದುಡಿಮೆ. ನಮ್ಮ ಸುತ್ತ ವಿನ್ಯಾಸಕ್ಕೆ ಬರವಿಲ್ಲ. ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆಯನ್ನು ಒಮ್ಮೆ ಎದುರಿಗಿಟ್ಟುಕೊಂಡು ನೋಡಿ. ಬಿದಿರಿನ ಚಾಪೆಯ ಮೇಲೆ ಬಿದಿರಿನದೇ ಪಟ್ಟಿ ಮಧ್ಯದಿಂದ ಸುರುಳಿ ಸುತ್ತುತ್ತಾ ಅಂಚಿನವರೆಗೆ ಬಂದಿರುತ್ತದೆ. ಕ್ರೋಶಾದಲ್ಲಿ ದುಂಡಗೆ ಸುತ್ತುವುದೂ ಹಾಗೆಯೇ, ನಡುವಿನಿಂದ ಹೊರಕ್ಕೆ. ಸುರುಳಿಯ ಸಂದಿಗೆ ಒಂದೊಂದು ಬಿಳಿ ಮಣಿ ಕೂರಿಸಿದರೆ ಗೂಡು ಕಟ್ಟಿದ ಚಂದ್ರಿಕೆಯೇ ಸೆರಗಿನಲ್ಲಿ ತೂಗುತ್ತದೆ. ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಕಲ್ಲಿನ ಜಾಲಂಧ್ರ, ಅಲ್ಲಿನ ಕಲ್ಯಾಣಿಯ ಮೆಟ್ಟಿಲ ಸಾಲು, ತೋಟದ ದ್ರಾಕ್ಷಿ ಗೊಂಚಲು ಎಲ್ಲವೂ ಚೌಕಳಿ ಪುಸ್ತಕದಲ್ಲಿ ಬಿಡಿಸಲು ಸಿಗುತ್ತವೆ.

ಹಂತ 2: ಮಾದರಿ ತುಂಡು

ಸೀರೆಗೆ ಕೈ ಹಾಕುವ ಮೊದಲು ಬೇಡದ ಬಟ್ಟೆಯ ಅಂಚಿಗೆ 4 ಇಂಚಿನಷ್ಟು ಹಾಕಿ ಅಳೆಯಿರಿ. ಅಷ್ಟರಲ್ಲಿ ಎಷ್ಟು ಹೂವು ಕೂತವು? 3 ಅಂದುಕೊಳ್ಳಿ. ಸೆರಗಿನ ಅಂಚು 45 ಇಂಚಿದ್ದರೆ 33 ಹೂವಿಗೆ 44 ಇಂಚು ಆಗಿ ಒಂದು ಇಂಚು ಉಳಿಯುತ್ತದೆ. ಎರಡು ತುದಿಗೂ ಅರ್ಧರ್ಧ ಇಂಚು ಬರೀ ಚೈನ್ ಹಾಕಿ ಅಂತ ನೀವೇ ಬರೆದು ಕೊಡಬೇಕು. ಹೊಸಬರು ಸೋಲುವುದು ತುದಿಯಲ್ಲೇ. ಎಲ್ಲ ಸೀರೆಯ ಅಗಲವೂ ಒಂದೇ ಅಲ್ಲ, ಹಾಗಾಗಿ ಲೆಕ್ಕ ಹಾಕುವ ಕ್ರಮವನ್ನೂ ತಿಳಿಸಿ. ಕಡ್ಡಿಯ ನಂಬರು, ಸೇರಿಸಿದ ಎಳೆಗಳು, ಮಣಿಯ ಅಳತೆ, ಖರ್ಚಾದ ದಾರ, ಹಿಡಿದ ಹೊತ್ತು ಇಷ್ಟನ್ನೂ ಆಗಿಂದಾಗಲೇ ಗುರುತು ಹಾಕಿಕೊಳ್ಳಿ. ನಾಳೆ ನೆನಪಿರುವುದಿಲ್ಲ.

ಹಂತ 3: ಬರವಣಿಗೆ

ನೀವು ಮಾರುವ ಸರಕು ಇದೇ, ಇದಕ್ಕೆ ಹೆಚ್ಚು ದಿನ ಕೊಡಿ. ಮೊದಲ ಪುಟದಲ್ಲಿ ಫೋಟೊ ಮತ್ತು ಬೇಕಾದ ಸಾಮಾನು, ಆಮೇಲೆ ಸಾಲು ಸಾಲಾಗಿ ಕ್ರಮ. ‘ಮುಂದೆ ಹಾಗೇ ಹಾಕುತ್ತಾ ಹೋಗಿ’ ಅನ್ನಬೇಡಿ. ‘1 ಲಾಕ್, 5 ಚೈನ್, ಅರ್ಧ ಇಂಚು ಬಿಟ್ಟು 1 ಲಾಕ್, ಇದನ್ನು ತುದಿಯವರೆಗೆ’ ಅಂತ ಅಂಕಿ ಸಮೇತ ಹೇಳಿ.

ಇದರ ಜೊತೆಗೆ ಚಿತ್ರನಕ್ಷೆ ಬೇಕೇ ಬೇಕು. ಚೈನಿಗೆ ಸಣ್ಣ ಸೊನ್ನೆ, ಲಾಕಿಗೆ ಕೂಡಿಸುವ ಗುರುತು, ಕಂಬಕ್ಕೆ ಅಡ್ಡಗೆರೆ ಎಳೆದ ಉದ್ದ ಗೀಟು. ನಮ್ಮ ಸೀಮೆಯಲ್ಲಿ ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕೇಳುತ್ತವೆ. ಕನ್ನಡ ಓದಲು ಬಾರದ ಅಕ್ಕನಿಗೂ ನಕ್ಷೆ ಅರ್ಥವಾಗುತ್ತದೆ. ಇಂಗ್ಲಿಷಿನಲ್ಲಿ ಬರೆಯುವುದಾದರೆ ಅಮೆರಿಕದ ಹೆಸರೋ ಬ್ರಿಟನ್ನಿನ ಹೆಸರೋ ಅಂತ ಮೊದಲೇ ತಿಳಿಸಿ. ಅಮೆರಿಕದವರ ಸಿಂಗಲ್ ಕ್ರೋಶೆಗೆ ಬ್ರಿಟನ್ನಿನವರು ಡಬಲ್ ಕ್ರೋಶೆ ಅನ್ನುತ್ತಾರೆ, ತಪ್ಪಿದರೆ ಇಡೀ ಕೆಲಸ ಬಿಚ್ಚಬೇಕು.

ಹಂತ 4: ಬೇರೆ ಕೈಯಲ್ಲಿ ಪರೀಕ್ಷೆ

ಕುಚ್ಚು ಹಾಕಲು ಬರುವ ಇಬ್ಬರು ಮೂವರಿಗೆ ಹಾಳೆ ಕೊಟ್ಟು ಪಕ್ಕದಲ್ಲಿ ಸುಮ್ಮನೆ ಕೂತಿರಿ, ಬಾಯಿ ಬಿಟ್ಟು ವಿವರಿಸಬೇಡಿ. ಅವರ ಕಡ್ಡಿ ಎಲ್ಲಿ ನಿಂತಿತೋ ಆ ಸಾಲನ್ನು ತಿದ್ದಿ. ಅವರ ಹೊತ್ತಿಗೆ ಕೂಲಿ ಕೊಡಿ.

ಹಂತ 5: ದಾರದ ಬಗ್ಗೆ ನಿಜ ಹೇಳಿ

ಅಂಗಡಿಯಲ್ಲಿ ಸಿಲ್ಕ್ ದಾರ ಅಂತ ಕೊಡುವ ಉಂಡೆಗಳಲ್ಲಿ ಬಹಳಷ್ಟು ಕೃತಕ ರೇಷ್ಮೆ. ಒಂದು ಎಳೆ ಸುಟ್ಟು ನೋಡಿ: ನಿಜವಾದ ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ವಿಸ್ಕೋಸ್ ಎಂಬ ಕೃತಕ ರೇಷ್ಮೆಯಾದರೆ ಕಾಗದ ಸುಟ್ಟ ವಾಸನೆ. ಶಿಡ್ಲಘಟ್ಟದಲ್ಲಿ ಬಿಚ್ಚಿದ ಕಚ್ಚಾ ರೇಷ್ಮೆಯನ್ನು ಹಾಗೇ ಹಾಕಲು ಬರುವುದಿಲ್ಲ. ಅದನ್ನು ಹುರಿ ಮಾಡಿ, ಅಂಟು ತೆಗೆದು, ಬಣ್ಣ ಹಾಕಿಸಬೇಕು. ಅಪ್ಪಟ ರೇಷ್ಮೆ ಬಳಸಿದ್ದರೆ ಮಾತ್ರ ಹಾಗಂತ ಬರೆಯಿರಿ.

ಹಂತ 6: ಬೆಲೆ ಮತ್ತು ಮಾರಾಟ

ಬರೀ ಹಾಳೆಗಿಂತ ದಾರ, ಮಣಿ, ನಕ್ಷೆ ಸೇರಿದ ಕಿಟ್ಟಿಗೆ ನಮ್ಮಲ್ಲಿ ಗಿರಾಕಿ ಸುಲಭವಾಗಿ ಸಿಗುತ್ತಾರೆ ಅನ್ನುವುದು ನನ್ನ ಅಭಿಪ್ರಾಯ. ಸಾಮಾನಿನ ಅಸಲು, ಕೊರಿಯರ್ ಖರ್ಚು ಬೇರೆ ಇಟ್ಟು, ವಿನ್ಯಾಸಕ್ಕೆ ಪ್ರತ್ಯೇಕ ಬೆಲೆ ಹಿಡಿಯಿರಿ. ಅದನ್ನು ಪುಕ್ಕಟೆ ಸೇರಿಸಬೇಡಿ. ಸ್ತ್ರೀಶಕ್ತಿ ಸಂಘ, ಟೈಲರಿಂಗ್ ಕ್ಲಾಸು, ಸೀರೆ ಅಂಗಡಿ, ವಾಟ್ಸಾಪ್ ಸ್ಟೇಟಸ್ ಇವೇ ಮೊದಲ ಸಂತೆ. ಹೊರದೇಶಕ್ಕೆ ಮಾರಲು ಎಟ್ಸಿ ಎಂಬ ತಾಣವಿದೆ: ಪ್ರತಿ ವಿನ್ಯಾಸ ಪಟ್ಟಿಗೆ ಹಾಕಲು 20 ಸೆಂಟ್, ಮಾರಾಟವಾದಾಗ ಶೇ. 6.5 ಕಮಿಷನ್, ಹಣ ಪಾವತಿಯ ಶುಲ್ಕ ಬೇರೆ. ಅಲ್ಲಿನವರಿಗೆ ಸೀರೆ ಇಲ್ಲ, ಶಾಲಿನ ಅಂಚಿಗೆ ಅಳತೆ ಬದಲಿಸಿ ಕೊಡಿ.

ಹಂತ 7: ಕಾಗದಪತ್ರ

ಉದ್ಯಮ್ ನೋಂದಣಿ ಆಧಾರ್, ಪ್ಯಾನ್ ಇದ್ದರೆ ಆನ್‌ಲೈನಿನಲ್ಲಿ ಉಚಿತ. ಯಾರಿಗೂ ದುಡ್ಡು ಕೊಡಬೇಕಿಲ್ಲ. ಕಿಟ್ಟನ್ನು ಹೊರರಾಜ್ಯಕ್ಕೆ ಕಳಿಸುವ ಮೊದಲು ಜಿಎಸ್‌ಟಿ ಬಗ್ಗೆ ಆಡಿಟರನ್ನು ಕೇಳಿ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ನೀವು ಬರೆದ ಬರಹ, ಬಿಡಿಸಿದ ನಕ್ಷೆಯ ಹಕ್ಕು ನೋಂದಣಿ ಇಲ್ಲದಿದ್ದರೂ ನಿಮ್ಮದೇ. ಪ್ರತಿ ಪುಟದಲ್ಲೂ ಹೆಸರು, ವರ್ಷ ಹಾಕಿ. ಕೊಂಡವರು ಕುಚ್ಚು ಹಾಕಿ ಮಾರಬಹುದು, ಹಾಳೆಯನ್ನು ಹಂಚುವಂತಿಲ್ಲ ಅನ್ನುವುದನ್ನೂ ಕನ್ನಡದಲ್ಲೇ ಬರೆಯಿರಿ.

ಆಷಾಢದಲ್ಲಿ ಮದುವೆ ಇಲ್ಲ, ಕುಚ್ಚಿನ ಕೆಲಸವೂ ಕಡಿಮೆ. ಮೊದಲ ವಿನ್ಯಾಸವನ್ನು ಆ ತಿಂಗಳಲ್ಲೇ ಬರೆದು ಪರೀಕ್ಷೆ ಮಾಡಿಸಿ. ವರಮಹಾಲಕ್ಷ್ಮಿ ಹಬ್ಬದ ಸೀರೆಗಳು ಅಂಗಡಿಯಿಂದ ಮನೆಗೆ ಬರುವಷ್ಟರಲ್ಲಿ ನಿಮ್ಮ ನಕ್ಷೆ ಮಾರಾಟಕ್ಕೆ ಸಿದ್ಧವಿರಲಿ.